ಸ್ಕ್ರಿವೆನರ್ 3: ಕಡಲ್ಗಳ್ಳರ ಧಾರಾವಾಹಿ ಬರೆಯುವವರ ಕಣ್ಣಲ್ಲಿ

ಕಂತು ಕಂತಾಗಿ ಪ್ರಕಟವಾಗುವ ಕಾದಂಬರಿಯಲ್ಲಿ ಓದುಗರ ಕೈಸೇರಿದ ಕಂತನ್ನು ವಾಪಸ್ ಪಡೆಯಲಾಗದು. ಏಳನೇ ಕಂತಿನಲ್ಲಿ ಎಡಗೈ ಕಳೆದುಕೊಂಡ ಕಡಲ್ಗಳ್ಳ ಮೂವತ್ತೊಂದನೇ ಕಂತಿನಲ್ಲಿ ಎರಡೂ ಕೈಯಿಂದ ಹುಟ್ಟು ಹಾಕಿದರೆ ಮೊದಲ ಕಾಮೆಂಟೇ ಅದರ ಮೇಲೆ ಬೀಳುತ್ತದೆ. ಹಾಗಾಗಿ ಹವ್ಯಾಸಿ ಧಾರಾವಾಹಿಕಾರರು ಯಾವುದೇ ತಂತ್ರಾಂಶವನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: ಈಗಾಗಲೇ ಪ್ರಕಟವಾದದ್ದನ್ನು ಇದು ನೆನಪಿಟ್ಟುಕೊಳ್ಳುತ್ತದೆಯೇ? ಆ ಒಂದು ಕೆಲಸದಲ್ಲಿ, ದೊಡ್ಡ ಬರಹಗಳನ್ನು ಬರೆದು ಜೋಡಿಸಿಡುವ ತಂತ್ರಾಂಶವಾದ ಸ್ಕ್ರಿವೆನರ್ ಬಹಳ ಗಟ್ಟಿ. ಉಳಿದ ಕೆಲವು ಕಡೆ, ಅದರಲ್ಲೂ ಕನ್ನಡದಲ್ಲಿ ಬರೆಯುವವರಿಗೆ, ಎಚ್ಚರ ಬೇಕು.

ಲಿಟರೇಚರ್ ಅಂಡ್ ಲಾಟೆ ಕಂಪನಿಯ ಈ ತಂತ್ರಾಂಶ 2007ರಲ್ಲಿ ಮ್ಯಾಕ್‌ಗೆ ಬಂತು. ಮೂರನೇ ಆವೃತ್ತಿ ಮ್ಯಾಕ್‌ಗೆ 2017ರಲ್ಲಿ, ವಿಂಡೋಸ್‌ಗೆ 2021ರಲ್ಲಿ ಸಿಕ್ಕಿತು. ಬೆಲೆ ಸುಮಾರು 60 ಡಾಲರ್. ಒಮ್ಮೆ ಕೊಟ್ಟರೆ ಸಾಕು, ತಿಂಗಳ ಚಂದಾ ಇಲ್ಲ. ಮ್ಯಾಕ್‌ಗೂ ವಿಂಡೋಸ್‌ಗೂ ಬೇರೆ ಬೇರೆ ಲೈಸೆನ್ಸ್ ಎನ್ನುವುದನ್ನು ಮಾತ್ರ ಕೊಳ್ಳುವ ಮೊದಲೇ ಗಮನಿಸಿ.

ಎಡಗಡೆಯ ಬೈಂಡರ್‌ನಲ್ಲಿ, ಅಂದರೆ ದಾಖಲೆಗಳ ಪಟ್ಟಿಯಲ್ಲಿ, ಒಂದೊಂದು ಕಂತೂ ಒಂದೊಂದು ಪ್ರತ್ಯೇಕ ದಾಖಲೆ. ಡ್ರಾಫ್ಟ್ ಫೋಲ್ಡರ್‌ನಲ್ಲಿ ಕಥೆ, ರಿಸರ್ಚ್ ಫೋಲ್ಡರ್‌ನಲ್ಲಿ ನಕಾಶೆ, ಚಿತ್ರ, ಪಿಡಿಎಫ್. ಪ್ರತಿ ಕಂತಿಗೂ ಸ್ಟೇಟಸ್ ಎಂಬ ಪಟ್ಟಿಯಿದೆ. ಅಲ್ಲಿ ಮೊದಲೇ ಇರುವ ಹೆಸರುಗಳನ್ನು ತೆಗೆದು ‘ಕರಡು’, ‘ತಿದ್ದಿದ್ದು’, ‘ಸರದಿಯಲ್ಲಿದೆ’, ‘ಪ್ರಕಟ’ ಎಂದು ನಾಲ್ಕೇ ಇಟ್ಟುಕೊಳ್ಳಿ. ‘ಸರದಿಯಲ್ಲಿದೆ’ ಎಂಬುದನ್ನು ಹುಡುಕಿ ಆ ಹುಡುಕಾಟವನ್ನೇ ಕಲೆಕ್ಷನ್ (ಉಳಿಸಿಟ್ಟ ಪಟ್ಟಿ) ಆಗಿ ಉಳಿಸಿದರೆ, ಕೈಯಲ್ಲಿ ಎಷ್ಟು ಕಂತು ದಾಸ್ತಾನಿದೆ ಎಂಬುದು ಯಾವಾಗ ತೆರೆದರೂ ಕಾಣುತ್ತದೆ. ವಾರಕ್ಕೆ ಎರಡು ಕಂತು ಹಾಕುವವರಿಗೆ ಎಂಟು ಕಂತಿನ ದಾಸ್ತಾನೆಂದರೆ ನಾಲ್ಕು ವಾರದ ಉಸಿರು. ಜ್ವರ, ಪರೀಕ್ಷೆ, ಊರ ಹಬ್ಬ ಎಲ್ಲವೂ ಅದರಲ್ಲೇ ಕಳೆಯಬೇಕು. ಅದು ಮೂರಕ್ಕೆ ಇಳಿದರೆ ವಾರಕ್ಕೆ ಒಂದೇ ಕಂತು ಎಂದು ಓದುಗರಿಗೆ ಮುಂಚೆಯೇ ಹೇಳಿಬಿಡುವುದು ಒಳ್ಳೆಯದು.

ಸ್ನ್ಯಾಪ್‌ಶಾಟ್, ಅಂದರೆ ಕಂತಿನ ಆ ಕ್ಷಣದ ಪ್ರತಿಯನ್ನು ತೆಗೆದಿಡುವುದು, ಇದರ ಅತ್ಯುತ್ತಮ ಅಂಗ. ಕಂತನ್ನು ಪ್ರಕಟಿಸುವ ಕ್ಷಣದಲ್ಲಿ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, 5 ಒತ್ತಿ (ಮ್ಯಾಕ್‌ನಲ್ಲಿ ಡಾಕ್ಯುಮೆಂಟ್ಸ್ ಮೆನುವಿನ ಸ್ನ್ಯಾಪ್‌ಶಾಟ್ಸ್ ಮೂಲಕ), ‘ಪ್ರಕಟವಾದ ಪಠ್ಯ’ ಎಂದು ಹೆಸರು ಕೊಡಿ. ಮುಂದೆ ಪುಸ್ತಕಕ್ಕೆಂದು ಅದೇ ಕಂತನ್ನು ಎಷ್ಟು ತಿದ್ದಿದರೂ ಓದುಗರು ಓದಿದ ರೂಪ ಹಾಗೇ ಉಳಿದಿರುತ್ತದೆ. ಕಂಪೇರ್ ಒತ್ತಿದರೆ ಎರಡರ ನಡುವಿನ ವ್ಯತ್ಯಾಸವೂ ಕಾಣುತ್ತದೆ. ಎಷ್ಟೋ ಧಾರಾವಾಹಿಗಳು ಹಳಿ ತಪ್ಪುವುದು ಇಲ್ಲಿಯೇ: ಬರೆಯುವವರು ತಮ್ಮ ಕಂಪ್ಯೂಟರಿನಲ್ಲಿ ಹಡಗಿನ ಹೆಸರು ಬದಲಿಸಿ, ಓದುಗರ ಬಳಿ ಹಳೆಯ ಹೆಸರೇ ಇದೆ ಎಂಬುದನ್ನು ಮರೆಯುತ್ತಾರೆ. ಒಂದು ಮಿತಿಯೂ ಇದೆ. ಸ್ನ್ಯಾಪ್‌ಶಾಟ್ ಹಿಡಿದಿಡುವುದು ಮುಖ್ಯ ಪಠ್ಯವನ್ನಷ್ಟೇ. ಪಕ್ಕದ ಸಾರಾಂಶ, ಟಿಪ್ಪಣಿಗಳನ್ನು ಬದಲಿಸಿದರೆ ಹಳೆಯವು ಹೋದಂತೆಯೇ.

ಕಡಲ ಕಥೆಗೆ ಹೆಚ್ಚು ಉಪಯೋಗಕ್ಕೆ ಬರುವುದು ಕಸ್ಟಮ್ ಮೆಟಾಡೇಟಾ, ಅಂದರೆ ಪ್ರತಿ ಕಂತಿಗೂ ನಾವೇ ಸೇರಿಸುವ ವಿವರಗಳು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ‘ಕಥಾದಿನ’, ‘ಗಾಳಿ’, ‘ನೀರು’, ‘ಜನ’ ಎಂದು ನಾಲ್ಕು ಅಂಕಣ ಸೇರಿಸಿ, ಕಂತುಗಳನ್ನು ಕೋಷ್ಟಕದಂತೆ ತೋರಿಸುವ ಔಟ್‌ಲೈನರ್ ತೆರೆದರೆ, ಎಲ್ಲ ಕಂತುಗಳ ಹಡಗಿನ ಲೆಕ್ಕ ಒಂದೇ ಪರದೆಯಲ್ಲಿ ಬರುತ್ತದೆ. ಇದು ಅಲಂಕಾರಕ್ಕಲ್ಲ. 5 ನಾಟ್ (ಗಂಟೆಗೆ 5 ನಾಟಿಕಲ್ ಮೈಲು) ವೇಗದಲ್ಲಿ ಹಾಯಿಹಡಗು ಒಂದು ಹಗಲು ಒಂದು ರಾತ್ರಿಯಲ್ಲಿ 120 ನಾಟಿಕಲ್ ಮೈಲು, ಅಂದರೆ ಸುಮಾರು 222 ಕಿಲೋಮೀಟರ್ ಸಾಗುತ್ತದೆ. ದ್ವೀಪ 360 ನಾಟಿಕಲ್ ಮೈಲು ದೂರದಲ್ಲಿದ್ದರೆ ಅನುಕೂಲ ಗಾಳಿಯಲ್ಲಿ ಮೂರು ದಿನ. ಅದೇ ಗಾಳಿ ನೇರ ಎದುರಿನಿಂದ ಬೀಸಿದರೆ? ಚೌಕ ಹಾಯಿಯ ಹಡಗು ಗಾಳಿಯ ದಿಕ್ಕಿಗೆ ಸುಮಾರು 67 ಡಿಗ್ರಿಗಿಂತ ಹತ್ತಿರ ಹೋಗಲಾರದು. ಓರೆ ಓರೆಯಾಗಿ ಸಾಗಬೇಕು, ದೂರ ಎರಡೂವರೆ ಪಟ್ಟಿಗೂ ಮೀರುತ್ತದೆ, ಮೂರು ದಿನದ ದಾರಿ ಎಂಟು ದಿನವಾಗುತ್ತದೆ. ಪಕ್ಕಕ್ಕೆ ತೇಲಿ ಹೋಗುವ ನಷ್ಟ ಬೇರೆ. ಅರವತ್ತು ಜನರಿಗೆ ತಲೆಗೆ ನಾಲ್ಕು ಲೀಟರಿನಂತೆ ಮೂರು ದಿನಕ್ಕೆ 720 ಲೀಟರ್ ನೀರು ಸಾಕಿತ್ತು, ಈಗ 1,920 ಬೇಕು. ಈ ಕೊರತೆಯೇ ಒಂದು ದಂಗೆಯ ಕಂತಿಗೆ ಸಾಕಾಗುವಷ್ಟು ಸರಕು. ನಮ್ಮ ಪತ್ತೇಮಾರಿಯಂಥ ತ್ರಿಕೋನ ಹಾಯಿಯ ಹಡಗು ಗಾಳಿಗೆ ಇನ್ನಷ್ಟು ಹತ್ತಿರ ಸಾಗಬಲ್ಲದು. ಹಾಗಾಗಿ ಬೆನ್ನಟ್ಟುವ ದೊಡ್ಡ ಹಡಗಿನಿಂದ ಚಿಕ್ಕದು ಪಾರಾಗುವುದಕ್ಕೆ ಮಂತ್ರವೇ ಬೇಕೆಂದಿಲ್ಲ.

ಸ್ಕ್ರಿವೆನರ್ ಈ ಅಂಕಿಗಳನ್ನು ತೋರಿಸುತ್ತದೆ, ಕೂಡಿಸಿ ಕೊಡುವುದಿಲ್ಲ. ಒಟ್ಟು ಲೆಕ್ಕಕ್ಕೆ ಸ್ಪ್ರೆಡ್‌ಶೀಟ್ ಬೇರೆ ಇಟ್ಟುಕೊಳ್ಳಬೇಕು. ಇಷ್ಟು ಹಳೆಯ ತಂತ್ರಾಂಶದಲ್ಲಿ ಇದು ಇಲ್ಲದಿರುವುದು ಬೇಸರದ ಸಂಗತಿ.

ಪಾತ್ರ, ಹಡಗು, ಮಾಟದ ನಿಯಮಗಳಿಗೆ ಡ್ರಾಫ್ಟ್ ಫೋಲ್ಡರಿನ ಹೊರಗೆ ಒಂದು ಫೋಲ್ಡರ್ ಮಾಡಿ. ಅದರೊಳಗೆ ಕಟ್ಟುನಿಟ್ಟಾಗಿ ಪ್ರಕಟವಾದ ಸಂಗತಿಗಳು ಮಾತ್ರ ಇರಲಿ, ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಬಂದ ಕಂತಿಗೆ ಒಂದು ಲಿಂಕ್ ಇರಲಿ. ‘ಬಿರುಗಾಳಿ ಕರೆಯುವ ಶಂಖವನ್ನು ಊದಿದವರ ಒಂದು ನೆನಪು ಅಳಿಯುತ್ತದೆ, ಕಂತು 12’ ಎಂಬಂಥ ಸಾಲು. ಮುಂದೆ ಹೀಗಾದರೆ ಚೆಂದ ಎಂಬ ಯೋಚನೆಗಳಿಗೆ ಬೇರೆಯೇ ಕಡತ. ಎರಡೂ ಬೆರೆತರೆ, ಯೋಚಿಸಿಟ್ಟದ್ದನ್ನು ಬರೆದಾಗಿದೆ ಎಂದು ನಂಬಿ ಮುಂದಿನ ಕಂತು ಕಟ್ಟುತ್ತೀರಿ, ಓದುಗರಿಗೆ ತಲೆಬುಡ ತಿಳಿಯುವುದಿಲ್ಲ. ಪರದೆಯನ್ನು ಎರಡಾಗಿ ಸೀಳಿ ಒಂದು ಕಡೆ ಈ ಕಡತ, ಇನ್ನೊಂದು ಕಡೆ ಹೊಸ ಕಂತು ಇಟ್ಟುಕೊಂಡು ಬರೆಯುವ ಸೌಲಭ್ಯ ಬಹಳ ಚೆನ್ನಾಗಿದೆ.

ರಿಸರ್ಚ್ ಫೋಲ್ಡರ್ ಬಗ್ಗೆ ಒಂದು ಮಾತು. ಕೆರಿಬಿಯನ್ ಕಡಲನ್ನೇ ಮತ್ತೆ ಮತ್ತೆ ತುಂಬುವ ಬದಲು ಕೆನರಾ ಕರಾವಳಿಗೆ ಅಲ್ಲಿ ಜಾಗ ಕೊಡಿ. 1510ರಲ್ಲಿ ಪೋರ್ಚುಗೀಸ್ ಅಲ್ಬುಕರ್ಕ್ ಗೋವೆಯ ಮೇಲೆ ಬಿದ್ದಾಗ ಜೊತೆಗಿದ್ದ ಹೊನ್ನಾವರದ ಕಡಲ್ಗಳ್ಳ ತಿಮ್ಮೋಜ, ಹೊನ್ನಾವರದ ಎದುರಿನ ಬಸವರಾಜ ದುರ್ಗ ದ್ವೀಪ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಯಿಹಡಗಿಗೆ ಬಾಗಿಲು ಮುಚ್ಚುವ ಮುಂಗಾರಿನ ಕಡಲು. ಎಷ್ಟೇ ಕಲ್ಪನೆಯ ಲೋಕ ಕಟ್ಟಿದರೂ ಇಂಥ ಅಡಿಪಾಯ ಅದಕ್ಕೆ ತೂಕ ಕೊಡುತ್ತದೆ. 1883ರ ಕೆನರಾ ಗೆಜೆಟಿಯರ್‌ನ ಸ್ಕ್ಯಾನ್ ಪ್ರತಿಯಂಥ ಭಾರದ ಪಿಡಿಎಫ್‌ಗಳನ್ನು ಒಳಗೆ ತುರುಕದೆ ಶಾರ್ಟ್‌ಕಟ್ ಆಗಿ ಸೇರಿಸಿ. ಇಲ್ಲವಾದರೆ ಪ್ರಾಜೆಕ್ಟ್ ಉಬ್ಬಿ, ಪ್ರತಿ ಬ್ಯಾಕಪ್ಪೂ ನಿಧಾನವಾಗುತ್ತದೆ.

ಈಗ ಕನ್ನಡದ ತೊಡಕುಗಳು. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಕಡತವನ್ನು ನೇರವಾಗಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿಯಾಗಿವೆಯೇ ನೋಡಿ, ಆಮೇಲೆ ಒಳಗೆ ತನ್ನಿ. ಪಾತ್ರ ಎಲ್ಲೆಲ್ಲಿ ಬಂದಿದೆ ಎಂದು ತಿಳಿಯಲು ಹೆಸರು ಹುಡುಕುವುದನ್ನೇ ನಂಬಬೇಡಿ. ಸಿದ್ದ ಒಂದು ಕಡೆ ಸಿದ್ದು ಆಗಿರುತ್ತಾನೆ, ಇನ್ನೊಂದು ಕಡೆ ನಾಖವಾ (ಹಡಗಿನ ಯಜಮಾನ) ಎಂದಷ್ಟೇ ಕರೆಸಿಕೊಂಡಿರುತ್ತಾನೆ. ಪ್ರತಿ ಕಂತಿಗೂ ಅದರಲ್ಲಿ ಬಂದ ಪಾತ್ರಗಳ ಕೀವರ್ಡ್ ಹಚ್ಚಿಡಿ, ಎರಡು ನಿಮಿಷದ ಕೆಲಸ. ವಾಕ್ಯದ ನಾಮಪದ, ಕ್ರಿಯಾಪದಗಳನ್ನು ಎತ್ತಿ ತೋರಿಸುವ ಲಿಂಗ್ವಿಸ್ಟಿಕ್ ಫೋಕಸ್ ಅನ್ನು ಕನ್ನಡ ಬರೆಯುವವರು ಲೆಕ್ಕಕ್ಕೇ ಇಟ್ಟುಕೊಳ್ಳದಿರುವುದು ಮೇಲು.

ಕಂಪೈಲ್, ಅಂದರೆ ಕಂತುಗಳನ್ನೆಲ್ಲ ಸೇರಿಸಿ ಒಂದೇ ಕಡತವಾಗಿ ಹೊರತೆಗೆಯುವುದು, ಎಂದರೆ ಹೊಸಬರು ಹೆದರುತ್ತಾರೆ, ಅದಕ್ಕೆ ಕಾರಣವೂ ಇದೆ: ಬರೆಯುವಾಗ ಇಟ್ಟ ಫಾಂಟನ್ನು ಕಂಪೈಲ್ ತನ್ನ ವಿನ್ಯಾಸದ ಫಾಂಟಿನಿಂದ ಬದಲಿಸುತ್ತದೆ. ಆ ಫಾಂಟಿನಲ್ಲಿ ಕನ್ನಡವಿಲ್ಲದಿದ್ದರೆ ಪುಟ ಕೆಡುತ್ತದೆ. ಕಂಪೈಲ್ ಕಿಟಕಿಯ ಮೇಲ್ಭಾಗದ ಫಾಂಟ್ ಪಟ್ಟಿಯಲ್ಲಿ ನೋಟೋ ಸಾನ್ಸ್ ಕನ್ನಡದಂಥ ಒಂದನ್ನು ಆರಿಸಿ, ವರ್ಡ್ ಕಡತವಾಗಿ ತೆಗೆದು, ಪಿಡಿಎಫ್ ಅನ್ನು ಅಲ್ಲಿಂದ ಮಾಡಿಕೊಳ್ಳುವುದು ಸುರಕ್ಷಿತ. ವಾರದ ಕಂತಿಗಂತೂ ಕಂಪೈಲ್ ಬೇಕಿಲ್ಲ. ಪ್ರತಿಲಿಪಿಯಂಥ ವೇದಿಕೆಗೆ ಹಾಕುವಾಗ ನಕಲಿಸಿ, ಬರಿಯ ಪಠ್ಯವಾಗಿ ಅಂಟಿಸಿ, ಪ್ಯಾರಾಗಳ ನಡುವಿನ ಖಾಲಿ ಸಾಲು ಉಳಿದಿದೆಯೇ ನೋಡಿದರಾಯಿತು.

ದೊಡ್ಡ ಕೊರತೆ ಆಂಡ್ರಾಯ್ಡ್ ಆ್ಯಪ್ ಇಲ್ಲದಿರುವುದು. ಐಫೋನ್, ಐಪ್ಯಾಡ್‌ಗೆ 2016ರಿಂದ ಇದೆ, ಅದಕ್ಕೆ ಬೇರೆ ದುಡ್ಡು. ಬಸ್ಸಿನಲ್ಲಿ, ಊಟದ ವಿರಾಮದಲ್ಲಿ ಫೋನಿನಲ್ಲೇ ಬರೆಯುವ ಕನ್ನಡದ ಹವ್ಯಾಸಿಗಳಿಗೆ ಇದು ನಿಜವಾದ ಅಡ್ಡಿ. ಸಿಂಕ್ ವಿತ್ ಎಕ್ಸ್‌ಟರ್ನಲ್ ಫೋಲ್ಡರ್ ಎಂಬ ದಾರಿಯುಂಟು: ಕಂತುಗಳನ್ನು ಸಾದಾ ಪಠ್ಯ ಕಡತಗಳಾಗಿ ಡ್ರಾಪ್‌ಬಾಕ್ಸ್ ಫೋಲ್ಡರಿಗೆ ಕಳಿಸಿ, ಫೋನಿನ ಯಾವುದಾದರೂ ಟೆಕ್ಸ್ಟ್ ಎಡಿಟರ್‌ನಲ್ಲಿ ತಿದ್ದಿ ವಾಪಸ್ ತರಬಹುದು. ದಪ್ಪ, ಓರೆ ಅಕ್ಷರಗಳು ಉಳಿಯುತ್ತವೆ ಎಂದು ನೆಚ್ಚಬೇಡಿ.

ಕೆಲಸ ಕಳೆದುಕೊಳ್ಳುವವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಸ್ಕ್ರಿವೆನರ್ ಪ್ರಾಜೆಕ್ಟ್ ಒಂದೇ ಕಡತವಲ್ಲ, ನೂರಾರು ಚಿಕ್ಕ ಕಡತಗಳಿರುವ ಫೋಲ್ಡರ್. ಒಂದು ಕಂಪ್ಯೂಟರಿನಲ್ಲಿ ಮುಚ್ಚದೆ ಇನ್ನೊಂದರಲ್ಲಿ ತೆರೆದರೆ ಸಿಂಕ್ ಅರ್ಧಂಬರ್ಧವಾಗಿ ಒಂದಕ್ಕೊಂದು ಹೊಂದದ ಪ್ರತಿಗಳು ಹುಟ್ಟುತ್ತವೆ. ಮುಚ್ಚಿ, ಸಿಂಕ್ ಪೂರ್ತಿಯಾಗುವವರೆಗೆ ಕಾದು, ಆಮೇಲೆ ಇನ್ನೊಂದು ಕಡೆ ತೆರೆಯಿರಿ. ಎರಡನೆಯದು ಬ್ಯಾಕಪ್. ಪ್ರಾಜೆಕ್ಟ್ ಮುಚ್ಚುವಾಗಲೆಲ್ಲ ತಾನೇ ಬ್ಯಾಕಪ್ ತೆಗೆಯುತ್ತದೆ, ಆದರೆ ನಾವು ಬದಲಿಸದಿದ್ದರೆ ಕೊನೆಯ ಐದನ್ನಷ್ಟೇ ಉಳಿಸಿಕೊಳ್ಳುತ್ತದೆ. ಕೆಟ್ಟದ್ದನ್ನು ಗಮನಿಸದೆ ಐದು ಸಲ ತೆರೆದು ಮುಚ್ಚಿದರೆ ಒಳ್ಳೆಯ ಪ್ರತಿ ಅಳಿಸಿಹೋಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು 25ಕ್ಕೆ ಏರಿಸಿ, ಬ್ಯಾಕಪ್ ಫೋಲ್ಡರನ್ನು ಪ್ರಾಜೆಕ್ಟ್ ಇರುವ ಜಾಗದಿಂದ ಬೇರೆ ಕಡೆ ಇಡಿ.

ಇಪ್ಪತ್ತು ಕಂತಿನೊಳಗೆ ಮುಗಿಯುವ ಕಥೆಗೆ ಇಷ್ಟೆಲ್ಲ ಬೇಡ, ಗೂಗಲ್ ಡಾಕ್ಸ್ ಧಾರಾಳವಾಯಿತು. ದುಡ್ಡು ಹಾಕಲಾಗದವರು ವಿಂಡೋಸ್‌ನಲ್ಲಿ ವೈರೈಟರ್ ನೋಡಬಹುದು, ದೃಶ್ಯಗಳನ್ನು ಬಿಡಿಬಿಡಿಯಾಗಿ ಇಡುವ ಮೂಲ ಸೌಕರ್ಯ ಅದರಲ್ಲೂ ಇದೆ.

ನೂರು ಕಂತಿನ ಯಾನಕ್ಕೆ ಹೊರಟವರು ಮಾತ್ರ ಉಚಿತ ಅವಧಿಯಲ್ಲಿ ಇದನ್ನು ತೂಗಿ ನೋಡಲೇಬೇಕು. ಆ ಅವಧಿಯ 30 ದಿನವೆಂದರೆ ತಂತ್ರಾಂಶ ತೆರೆದ ದಿನಗಳ ಲೆಕ್ಕ. ವಾರಕ್ಕೆ ಎರಡು ದಿನ ಬರೆಯುವವರಿಗೆ ಹದಿನೈದು ವಾರ ಸಿಗುತ್ತದೆ. ಹೊಸ ಕಥೆ ಶುರುಮಾಡಿ ಆ ದಿನಗಳನ್ನು ಕಳೆಯಬೇಡಿ. ಈಗಾಗಲೇ ಪ್ರಕಟವಾಗಿರುವ ಕಂತುಗಳನ್ನೆಲ್ಲ ಒಂದೇ ಕಡತದಲ್ಲಿ ಜೋಡಿಸಿ, ನಡುನಡುವೆ ಹ್ಯಾಷ್ ಗುರುತಿರುವ ಸಾಲು ಹಾಕಿ, ಇಂಪೋರ್ಟ್ ಅಂಡ್ ಸ್ಪ್ಲಿಟ್ ಮೂಲಕ ಒಳಗೆ ತನ್ನಿ. ಕಂತುಗಳು ತಾವೇ ಬೇರೆ ಬೇರೆಯಾಗಿ ಕೂರುತ್ತವೆ. ಆಮೇಲೆ ಔಟ್‌ಲೈನರ್ ತೆರೆದು ‘ಕಥಾದಿನ’ದ ಅಂಕಣವನ್ನು ಒಂದನೇ ಕಂತಿನಿಂದ ತುಂಬುತ್ತ ಬನ್ನಿ.