ಶವಕ್ಕೊಂದು ಬದುಕು ಬರೆದವರ ಕಥೆ: ‘ಆಪರೇಷನ್ ಮಿನ್ಸ್‌ಮೀಟ್’

1943ರ ಏಪ್ರಿಲ್ 30ರಂದು ಸ್ಪೇನ್‌ನ ಉವೆಲ್ವಾ ಕಡಲತೀರದ ಬಳಿ ಬ್ರಿಟಿಷ್ ಸೇನಾಧಿಕಾರಿಯ ಸಮವಸ್ತ್ರ ತೊಟ್ಟ ಶವವೊಂದು ಮೀನುಗಾರರಿಗೆ ಸಿಕ್ಕಿತು. ಅದರ ಕೈಪೆಟ್ಟಿಗೆಯಲ್ಲಿದ್ದ ಪತ್ರಗಳನ್ನು ಓದಿದ ಜರ್ಮನರು, ಮಿತ್ರಪಡೆಗಳು ದಾಳಿ ಮಾಡುವುದು ಸಿಸಿಲಿಯ ಮೇಲಲ್ಲ, ಗ್ರೀಸ್ ಮತ್ತು ಸಾರ್ಡೀನಿಯಾಗಳ ಮೇಲೆ ಎಂದು ನಂಬಿದರು. ಈ ವಂಚನೆಯನ್ನು ಹೆಣೆದ ಲಂಡನ್ನಿನ ಗೂಢಚರ್ಯೆ ಅಧಿಕಾರಿಗಳ ಕಥೆಯೇ ಜಾನ್ ಮ್ಯಾಡನ್ ನಿರ್ದೇಶಿಸಿದ ‘ಆಪರೇಷನ್ ಮಿನ್ಸ್‌ಮೀಟ್’.

ಚಿತ್ರದ ನಿಜವಾದ ಸೊಗಸು ಇರುವುದು ಮೊದಲರ್ಧದಲ್ಲಿ. ನೌಕಾ ಗುಪ್ತಚರ ವಿಭಾಗದ ಯೂಯೆನ್ ಮಾಂಟಗು (ಕಾಲಿನ್ ಫರ್ತ್) ಮತ್ತು ವಾಯುಪಡೆಯ ಅಧಿಕಾರಿ ಚಾರ್ಲ್ಸ್ ಚಮ್ಲಿ (ಮ್ಯಾಥ್ಯೂ ಮ್ಯಾಕ್‌ಫೇಡಿಯನ್) ನೆಲಮಾಳಿಗೆಯ ಮಂದಬೆಳಕಿನಲ್ಲಿ ಕುಳಿತು, ಆ ಶವಕ್ಕೆಂದು ಕಲ್ಪಿಸಿದ ಮೇಜರ್ ವಿಲಿಯಂ ಮಾರ್ಟಿನ್‌ನಿಗೆ ಪ್ರೇಯಸಿಯ ಭಾವಚಿತ್ರ, ಪ್ರೇಮಪತ್ರ, ನಿಶ್ಚಿತಾರ್ಥದ ಉಂಗುರದ ಬಿಲ್ಲು, ಬ್ಯಾಂಕಿನ ತಗಾದೆಯ ಪತ್ರ, ನಾಟಕದ ಹರಿದ ಟಿಕೆಟ್ಟುಗಳನ್ನು ಒಂದೊಂದಾಗಿ ಹೊಂದಿಸುವಾಗ, ಬೇಹುಗಾರಿಕೆಯೂ ಕಾದಂಬರಿ ರಚನೆಯೂ ಒಂದೇ ಕಸುಬು ಎಂಬುದು ನಮ್ಮ ಕಣ್ಣೆದುರೇ ಸಾಬೀತಾಗುತ್ತದೆ. ಗುಂಡಿನ ಸದ್ದಿಲ್ಲದೆ, ಬರೀ ಕಾಗದಪತ್ರಗಳಿಂದ ಇಷ್ಟು ಬಿಗಿ ತಂದಿರುವುದು ಸಾಮಾನ್ಯ ಸಾಧನೆಯಲ್ಲ. ಕಚೇರಿಯ ಹಿರಿಯ ಕಾರ್ಯದರ್ಶಿ ಹೆಸ್ಟರ್ ಲೆಗೆಟ್ ಪಾತ್ರದಲ್ಲಿ ಪೆನೆಲೊಪಿ ವಿಲ್ಟನ್ ಅವರ ಸಂಯಮವಂತೂ ಮನಸ್ಸಿನಲ್ಲಿ ಉಳಿಯುತ್ತದೆ.

ಆದರೆ ಅದೇ ಕಚೇರಿಯ ಉದ್ಯೋಗಿ ಜೀನ್ ಲೆಸ್ಲಿಯನ್ನು (ಕೆಲ್ಲಿ ಮ್ಯಾಕ್‌ಡೊನಾಲ್ಡ್) ನಡುವಿಟ್ಟು ಬೆಳೆಸಿರುವ ತ್ರಿಕೋನ ಪ್ರೇಮ ಈ ಬಿಗಿಯನ್ನು ಸಡಿಲಗೊಳಿಸುತ್ತದೆ. ಪತ್ರಗಳು ಬರ್ಲಿನ್ ತಲುಪುತ್ತವೆಯೋ ಇಲ್ಲವೋ ಎಂದು ಪ್ರೇಕ್ಷಕ ಕಾತರದಿಂದಿರುವ ಹೊತ್ತಿನಲ್ಲಿ ಇಬ್ಬರು ಗಂಡಸರ ಮುನಿಸನ್ನು ತೋರಿಸುವ ಅಗತ್ಯವಿರಲಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಆ ಶವ ಗ್ಲಿಂಡೂರ್ ಮೈಕಲ್ ಎಂಬ ವೇಲ್ಸ್‌ನ ಬಡವನದು; ನೆಲೆಯಿಲ್ಲದೆ ಅಲೆದು, ಇಲಿ ಪಾಷಾಣ ಹೊಟ್ಟೆಗೆ ಸೇರಿ ಲಂಡನ್ನಿನಲ್ಲಿ ಸತ್ತವನು. ಇದೇ ಘಟನೆಯನ್ನು ಕುರಿತು 1956ರಲ್ಲಿ ಬಂದ ಚಿತ್ರದ ಕಾಲಕ್ಕೆ ಅವನ ಹೆಸರು ಇನ್ನೂ ಗುಟ್ಟಾಗಿತ್ತು. ಮ್ಯಾಡನ್ ಅವರಿಗೆ ಆ ಅಡ್ಡಿಯಿರಲಿಲ್ಲ. ಶವವನ್ನು ಕೇಳಿಕೊಂಡು ಅವನ ಸಹೋದರಿ ಬರುವ ದೃಶ್ಯದಲ್ಲಿ ಚಿತ್ರ ಆ ಪ್ರಶ್ನೆಯನ್ನು ಎತ್ತುತ್ತದಾದರೂ, ಬೇಗನೆ ಅದನ್ನು ಕೈಬಿಟ್ಟು ಕಚೇರಿಯ ರಾಜಕೀಯಕ್ಕೆ ಮರಳುತ್ತದೆ. ಸಾವಿರಾರು ಸೈನಿಕರ ಜೀವ ಉಳಿಸಲು ಒಬ್ಬ ಅನಾಥನ ದೇಹವನ್ನು ಕೇಳದೆ ಬಳಸಿದ್ದು ಸರಿಯೇ ಎಂಬ ಚರ್ಚೆಗೆ ಪ್ರೇಮಕಥೆಯ ಅರ್ಧದಷ್ಟು ಸಮಯ ಕೊಟ್ಟಿದ್ದರೂ ಇದು ಶ್ರೇಷ್ಠ ಚಿತ್ರವಾಗುತ್ತಿತ್ತು. ಈಗಲೂ, ಯುದ್ಧದ ಇತಿಹಾಸದಲ್ಲಿ ಆಸಕ್ತಿಯುಳ್ಳವರು ಮೊದಲ ಒಂದು ಗಂಟೆಗಾಗಿಯಾದರೂ ಇದನ್ನು ತಪ್ಪದೆ ನೋಡಬೇಕು.