ಪೈಎಸ್‌ಸಿಎಫ್: ಹಳೆಯ ಲ್ಯಾಪ್‌ಟಾಪಿನಲ್ಲಿ ಕ್ವಾಂಟಂ ರಸಾಯನಶಾಸ್ತ್ರ

ಶಿವಮೊಗ್ಗದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುವ ನನಗೆ, ಸೈದ್ಧಾಂತಿಕ ಭೌತಶಾಸ್ತ್ರ ಓದಿ ಮುಂದೇನು ಮಾಡುವುದೆಂಬ ಪ್ರಶ್ನೆ ಪ್ರತಿವರ್ಷ ಎದುರಾಗುತ್ತದೆ. ಗಣಕೀಯ ಕ್ವಾಂಟಂ ರಸಾಯನಶಾಸ್ತ್ರವೂ (ಅಣುಗಳ ಗುಣಗಳನ್ನು ಕ್ವಾಂಟಂ ನಿಯಮಗಳಿಂದ ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ಶಾಖೆ) ಒಂದು ಹಾದಿಯೆಂದು ತೋರಿಸಲು ಈ ಮಳೆಗಾಲದಲ್ಲಿ ಪೈಎಸ್‌ಸಿಎಫ್ ಎಂಬ, ಇಂಥ ಲೆಕ್ಕ ಮಾಡುವ ಉಚಿತ, ಮುಕ್ತ ತಂತ್ರಾಂಶವನ್ನು ಬಳಸಿ ನೋಡಿದೆ.

ಇದರ ದೊಡ್ಡ ಗುಣ ಪಾರದರ್ಶಕತೆ. ಬಹುಪಾಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಬರೆದಿರುವುದರಿಂದ, ಹಾರ್ಟ್ರಿ-ಫಾಕ್ (ಪ್ರತಿ ಎಲೆಕ್ಟ್ರಾನೂ ಉಳಿದವುಗಳ ಸರಾಸರಿ ಪ್ರಭಾವದಲ್ಲಿದೆಯೆಂದು ಭಾವಿಸುವ ವಿಧಾನ) ಲೆಕ್ಕದ ನಡುವಿನ ಮ್ಯಾಟ್ರಿಕ್ಸ್‌ಗಳನ್ನು ಹೊರತೆಗೆದು, ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದ ಸಮೀಕರಣಗಳೊಂದಿಗೆ ತಾಳೆ ನೋಡಬಹುದು. ನೀರಿನ ಅಣುವಿನ 10 ಎಲೆಕ್ಟ್ರಾನುಗಳನ್ನು ಸಿಸಿ-ಪಿವಿಡಿಝೆಡ್ ಎಂಬ ಆಧಾರಗಣದ (ಎಲೆಕ್ಟ್ರಾನುಗಳನ್ನು ವರ್ಣಿಸಲು ಬಳಸುವ ಸಿದ್ಧ ಫಲನಗಳ ಗುಂಪು) 24 ಫಲನಗಳಲ್ಲಿ ವಿವರಿಸುವ ಲೆಕ್ಕ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಕ್ಷಣಾರ್ಧದಲ್ಲಿ ಮುಗಿಯಿತು. ಆದರೆ ಎಲೆಕ್ಟ್ರಾನುಗಳ ಪರಸ್ಪರ ಪ್ರಭಾವವನ್ನು ಇನ್ನಷ್ಟು ಸೂಕ್ಷ್ಮವಾಗಿ ಲೆಕ್ಕಿಸುವ, ಹೆಚ್ಚು ನಿಖರವಾದ ಸಿಸಿಎಸ್‌ಡಿ(ಟಿ) ವಿಧಾನದಲ್ಲಿ ಅಣುವಿನ ಗಾತ್ರ ಇಮ್ಮಡಿಯಾದರೆ ಲೆಕ್ಕದ ಹೊರೆ ಸುಮಾರು 128 ಪಟ್ಟಾಗುತ್ತದೆ. ಇದು ವಿಧಾನದ ಸ್ವಭಾವವೇ ಹೊರತು ತಂತ್ರಾಂಶದ ದೋಷವಲ್ಲ. (ಅರ್ಧ ಲೆಕ್ಕದಲ್ಲಿ ಕರೆಂಟು ಹೋದದ್ದು ಆಷಾಢದ ಗಾಳಿಮಳೆಯ ಕೃಪೆ.)

ಎಲೆಕ್ಟ್ರಾನುಗಳ ಸಾಂದ್ರತೆಯಿಂದಲೇ ಅಣುವಿನ ಶಕ್ತಿಯನ್ನು ಲೆಕ್ಕಹಾಕುವ ಸಾಂದ್ರತಾ ಫಲನಕ ಸಿದ್ಧಾಂತವೂ ಇದರಲ್ಲಿದೆ. 1964 ಮತ್ತು 1965ರ ಪ್ರಬಂಧಗಳಲ್ಲಿ ಅದಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರಾದ ವಾಲ್ಟರ್ ಕೋನ್ ಭೌತವಿಜ್ಞಾನಿಯಾಗಿದ್ದೂ 1998ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು; ಪ್ರಶಸ್ತಿ ಹಂಚಿಕೊಂಡ ಜಾನ್ ಪೋಪಲ್ ಓದಿದ್ದು ಗಣಿತ. ವಿದ್ಯಾರ್ಥಿಗಳಿಗೆ ಈ ಸಂಗತಿ ತಂತ್ರಾಂಶಕ್ಕಿಂತಲೂ ಹೆಚ್ಚು ಹಿಡಿಸಿತು.

ಗುಂಡಿ ಒತ್ತಿ ಬಣ್ಣದ ಚಿತ್ರ ನೋಡಬಯಸುವವರಿಗೆ ಇದು ತಕ್ಕುದಲ್ಲ. ಲಿನಕ್ಸ್ ಮತ್ತು ಪೈಥಾನ್‌ನ ಪರಿಚಯವಿಲ್ಲದವರು ಮೊದಲು ಅವನ್ನು ಕಲಿತು ಬರುವುದು ಲೇಸು.