ಟ್ರೆಂಚರ್‌ಗೆ ಬುಲೆಟ್ ಹಲ್ಲು: ಎರಡೂವರೆ ವರ್ಷ ಬಳಸಿದ ಮೇಲೆ

ನನ್ನ ಹತ್ತಿರ ಇರುವುದು ಚೈನ್ ಟ್ರೆಂಚರ್, ಹಲ್ಲು ಹಾಕಿದ ಚೈನು ತಿರುಗಿಸಿ ನೆಲ ತೋಡುವ ಮೆಷಿನ್. ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ಸುತ್ತ ನೀರಿನ ಪೈಪು, ಕೇಬಲ್ ಹಾಕೋಕೆ ಮೂರು ಅಡಿ ಕಾಲುವೆ ತೋಡಿ ಕೊಡುತ್ತೇನೆ. ಚೈನಿಗೆ ಹಾಕುವುದು ಬುಲೆಟ್ ಹಲ್ಲು, ಅಂದರೆ ಉಕ್ಕಿನ ಮೈ, ತುದಿಗೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್. ನೆಲದಡಿ ಕಲ್ಲಿದ್ದಲು ಕತ್ತರಿಸುವ ಮೆಷಿನ್ನಿನ ಡ್ರಮ್ಮಿಗೆ ಪಿಕ್ ಅಂತ ಹಾಕುತ್ತಾರಲ್ಲ, ಅದೇ ಜಾತಿಯದು. ಎರಡು ಥರದ್ದು ಬಳಸಿದ್ದೇನೆ. ಕಂಪನಿ ಹೆಸರು ಬೇಡ.

ಮೊದಲು ತಂದದ್ದು ಅಗ್ಗದ್ದು. ಎರೆ ಹೊಲದಲ್ಲಿ ಚೆನ್ನಾಗೇ ನಡೆಯಿತು. ಎರೆಯಲ್ಲಿ ಯಾವ ಹಲ್ಲಾದರೂ ನಡೆಯುತ್ತೆ ಬಿಡಿ. ಭರಮಸಾಗರದ ಹತ್ತಿರ ಗರಸು ಸಿಕ್ಕಿತು, ನಡುನಡುವೆ ಬೆಣಚುಕಲ್ಲು. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿ ನೋಡಿದರೆ ಐದು ಹಲ್ಲಿಗೆ ತುದಿಯೇ ಇಲ್ಲ! ಕಾರ್ಬೈಡ್ ಒಡೆದಿರಲಿಲ್ಲ, ಬುಡಸಮೇತ ಕಳಚಿ ಬಿದ್ದಿತ್ತು. ಕುಳಿಯೊಳಗೆ ಬ್ರೇಜಿಂಗ್ (ಕಾರ್ಬೈಡನ್ನು ಉಕ್ಕಿಗೆ ಅಂಟಿಸುವ ಬೆಸುಗೆ) ಅರ್ಧಕ್ಕೆ ಮಾತ್ರ ಹಿಡಿದು ತಾಮ್ರದ ಬಣ್ಣಕ್ಕಿತ್ತು, ಉಳಿದರ್ಧ ಕಪ್ಪಗೆ ಹಾಗೇ ಇತ್ತು. ಅಂಗಡಿಯವರನ್ನು ಕೇಳಿದರೆ "ನೀವು ಕಲ್ಲಿಗೆ ಹಾಕಿದೀರಿ" ಅಂದರು. ದಾವಣಗೆರೆಯವನು ಅಂತ ಬೆಣ್ಣೆಗೆ ಹಾಕೋಕಾಗುತ್ತಾ?

ಆಮೇಲೆ ತಂದದ್ದು ಹತ್ತಿರ ಹತ್ತಿರ ದುಪ್ಪಟ್ಟು ಬೆಲೆಯದು. ಇದರ ಕಾರ್ಬೈಡ್ ದಪ್ಪ, ಕೆಳಗೆ ಟೋಪಿಯ ಹಾಗೆ ಅಗಲವಾಗಿ ಉಕ್ಕಿನ ಮೇಲೆ ಕೂತಿದೆ. ದುಡ್ಡು ಕೊಡಬೇಕಾದ್ದು ಇದಕ್ಕೇ. ಟಂಗ್‌ಸ್ಟನ್ ಕಾರ್ಬೈಡ್ ಬೇಗ ಸವೆಯಲ್ಲ, ಅದರ ಹಿಂದಿನ ಉಕ್ಕು ಸವೆಯುತ್ತೆ. ಆಸರೆ ತಪ್ಪಿದರೆ ಎಂಥ ಒಳ್ಳೆ ಕಾರ್ಬೈಡೂ ಉದುರುತ್ತೆ.

ಆದರೂ ಮೊದಲ ತಿಂಗಳು ಹೊಟ್ಟೆ ಉರಿಯಿತು. ಇಷ್ಟು ಕೊಟ್ಟು ತಂದರೆ ಕೆಲವು ಹಲ್ಲು ಒಂದೇ ಮಗ್ಗುಲಿಗೆ ಸವೆದು ಉಳಿಯ ಹಾಗಾಗಿದ್ದವು. ನಮ್ಮ ಭಾವಮೈದುನ ರಾಮಗುಂಡಂ ಕಡೆ ಸಿಂಗರೇಣಿ ಗಣಿಯಲ್ಲಿ ಫಿಟರ್. ಅವನಿಗೆ ಫೋಟೋ ಕಳಿಸಿದೆ. "ಭಾವ, ಹಲ್ಲು ಕೈಯಾಗ ತಿರುಗ್ತಾವಾ ನೋಡ್ರಿ" ಅಂದ. ನೋಡಿದೆ. ಸವೆದವು ಒಂದೂ ಅಲ್ಲಾಡಲಿಲ್ಲ. ಹಲ್ಲು ಕೂರುವ ಹೋಲ್ಡರಿನೊಳಗೆ ಕೆಮ್ಮಣ್ಣು ಸೇರಿ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಈ ಹಲ್ಲನ್ನು ಹೋಲ್ಡರಿನಿಂದ ಬೀಳದಂತೆ ಹಿಡಿಯುವ ಕ್ಲಿಪ್ ಮೇಲೆ ಸಡಿಲವಾಗಿ, ಸ್ವಲ್ಪ ಓರೆಯಾಗಿ ಕೂರಿಸುವುದೇ ಕಲ್ಲಿಗೆ ತಾಗಿದಾಗ ತಾನೇ ತಿರುಗಲಿ ಅಂತ. ತಿರುಗಿದರೆ ಸುತ್ತಲೂ ಸಮನಾಗಿ ಸವೆದು ಮೊನೆ ಉಳಿಯುತ್ತೆ, ಪೆನ್ಸಿಲ್ ಹೆರೆದ ಹಾಗೆ.

ಗಣಿಯವರಿಗೆ ಇದು ಬರೀ ದುಡ್ಡಿನ ಮಾತಲ್ಲ. ಮೊಂಡಾದ ಪಿಕ್ ಕಲ್ಲಿದ್ದಲನ್ನು ಕತ್ತರಿಸುವ ಬದಲು ಅರೆಯುತ್ತೆ, ಧೂಳು ಜಾಸ್ತಿ ಏಳುತ್ತೆ. ಮರಳುಗಲ್ಲಿನ ಪದರ ಸಿಕ್ಕಿ ಉಜ್ಜಿದರೆ ಕೆಂಡದ ಹಾಗೆ ಕಾಯುತ್ತೆ. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟು ಸೇರಿದ್ದರೆ ಆ ಬಿಸಿಗೇ ಹೊತ್ತಿಕೊಳ್ಳಬಹುದು. ಅಲ್ಲಿ ಕತ್ತರಿಸುವ ಜಾಗಕ್ಕೆ ನೀರು ಚಿಮ್ಮಿಸುತ್ತಲೇ ಇರುವುದು ಧೂಳಿಗೂ ಹೌದು, ಈ ಭಯಕ್ಕೂ ಹೌದು. ನಮ್ಮದು ಬಯಲು, ಬಚಾವು.

ಈಗ ಸಂಜೆ ಕೆಲಸ ಮುಗಿದ ಕೂಡಲೇ ಚೈನಿಗೆ ಜೋರಾಗಿ ನೀರು ಬಿಡುತ್ತೇವೆ, ಒಂದೊಂದು ಹಲ್ಲನ್ನೂ ಕೈಯಲ್ಲಿ ತಿರುಗಿಸಿ ನೋಡುತ್ತೇವೆ. ನಡುವೆ ಬುದ್ಧಿವಂತಿಕೆ ಮಾಡಿ ಗ್ರೀಸ್ ಹಾಕಿದ್ದೆ. ಮಣ್ಣು ಅಂಟಿಕೊಂಡು ಇನ್ನೂ ಬೇಗ ಹಿಡಿಯಿತು. ಬರೀ ನೀರೇ ಸಾಕು. ಮೊದಲು ಗರಸಿನಲ್ಲಿ ಹತ್ತು ದಿನಕ್ಕೆ ಮುಗಿಯುತ್ತಿದ್ದ ಸೆಟ್ಟು ಈಗ ತಿಂಗಳು ದಾಟುತ್ತೆ.

ಬೇಸರದ ಸಂಗತಿಯೂ ಇದೆ. ಕ್ಲಿಪ್ ಬಿಡಿಯಾಗಿ ಸಿಗಲ್ಲ, ಹಲ್ಲಿನ ಜೊತೆಗೇ ತಗೊಳ್ಳಬೇಕು. ಹೊಸ ಹಲ್ಲು ಕೂರಿಸೋದೂ ಕಷ್ಟ, ಹೋಲ್ಡರಿನೊಳಗೆ ಕ್ಲಿಪ್ ಅಷ್ಟು ಬಿಗಿ. ನಮ್ಮ ಹುಡುಗ ಒಮ್ಮೆ ಕಬ್ಬಿಣದ ಸುತ್ತಿಗೆಯಿಂದ ನೇರ ತುದಿಗೇ ಹೊಡೆದ. ಕಾರ್ಬೈಡ್ ಚೂರು ಸಿಡಿದು ಕೆನ್ನೆ ಕುಯ್ಯಿತು. ಕಣ್ಣಿನಿಂದ ಎರಡು ಬೆರಳು ಕೆಳಗೆ! ಅವತ್ತಿಂದ ತಾಮ್ರದ ಸುತ್ತಿಗೆ, ಕನ್ನಡಕ ಎರಡೂ ಗಾಡಿಯಲ್ಲೇ ಇರುತ್ತೆ. ಇನ್ನೊಂದು, ದುರ್ಗದ ಕೋಟೆಯ ಬೆಟ್ಟದಂಥ ಗಟ್ಟಿ ಬಂಡೆ ಬಂದರೆ ಯಾವ ಬುಲೆಟ್ ಹಲ್ಲಿನ ಕೈಲೂ ಆಗಲ್ಲ. ಸುಮ್ನೆ ಹಲ್ಲು ಹಾಳು ಮಾಡಿಕೊಳ್ಳದೆ ಬಂಡೆ ಒಡೆಯುವ ಬ್ರೇಕರ್ ಮೆಷಿನ್ ಕರೆಸಿ.

ಸವೆದ ಹಲ್ಲನ್ನು ಕಬ್ಬಿಣದ ರೇಟಿಗೆ ಗುಜರಿಗೆ ಹಾಕಬೇಡಿ. ಕಾರ್ಬೈಡಿಗೆ ಬೇರೆ ರೇಟಿದೆ, ಜಾಸ್ತಿನೇ ಸಿಗುತ್ತೆ. ನಾನೂ ಒಂದು ಡಬ್ಬದಲ್ಲಿ ಕೂಡಿಡುತ್ತಿದ್ದೇನೆ. ಆದರೆ ಅದರಲ್ಲಿ ಚೆನ್ನಾಗಿ ದುಂಡಗೆ ಸವೆದ ನಾಲ್ಕನ್ನು ಮಗ ಬುಗುರಿ ಮಾಡಿಕೊಂಡಿದ್ದಾನೆ, ವಾಪಸ್ ಕೊಡುತ್ತಿಲ್ಲ.